ಗೌರಿ ಹಬ್ಬದ ಹಿಂದಿನ ದಿನ

ನನ್ನ ಅಮ್ಮನಿಗೆ ಇಂಗ್ಲಿಷ್ ತಾರೀಖು ಗೊತ್ತಿರಲಿಲ್ಲ ಎಂದಲ್ಲ, ಬೇಕಾಗಿರಲಿಲ್ಲ. ನಾನು ಹುಟ್ಟಿದ್ದು ರಥಸಪ್ತಮಿಯ ಮಾರನೆಯ ದಿನ. ಅಣ್ಣ ಹುಟ್ಟಿದ್ದು ಆಯುಧಪೂಜೆಯ ಸಂಜೆ. ಕೆಂಪು ಹಸು ಕರು ಹಾಕಿದ್ದು ಸಂಕ್ರಾಂತಿಗೆ ಎಂಟು ದಿನ ಇದೆ ಎನ್ನುವಾಗ. ಚಿಕ್ಕಪ್ಪ ಮನೆಯಲ್ಲಿ ಜಗಳವಾಡಿ ಹೊರಟುಹೋದದ್ದು ಭೀಮನ ಅಮಾವಾಸ್ಯೆಯ ರಾತ್ರಿ. ಅವಳ ಲೆಕ್ಕ ಒಂದು ದಿನವೂ ಆಚೀಚೆ ಆಗುತ್ತಿರಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಹುಟ್ಟಿದ ತಾರೀಖು ಕೇಳಿದರಂತೆ. ಅಮ್ಮ ರಥಸಪ್ತಮಿಯ ಮಾತು ಹೇಳಿದಳಂತೆ. ಮೇಷ್ಟರು "ಆಯ್ತು ಬಿಡಿ ತಾಯಿ" ಎಂದು ತಮಗೆ ತೋಚಿದ ಒಂದು ತಾರೀಖು ಬರೆದುಕೊಂಡರಂತೆ. ಇವತ್ತಿಗೂ ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಆ ಮೇಷ್ಟರ ತಾರೀಖೇ.

ಇಂಥ ತಾಯಿಯ ಮಗಳಾಗಿಯೂ ನಾನು ಅವಳು ಬರೆದ ಒಂದು ದಿನವನ್ನು ತಪ್ಪಾಗಿ ಓದಿಕೊಂಡು, ಐದು ತಿಂಗಳು ತವರಿನ ಮೇಲೆ ಮುನಿಸಿಕೊಂಡು ಕೂತಿದ್ದೆ. ನನ್ನ ತಪ್ಪನ್ನು ತಿದ್ದಿದವರು ಎಂಟುನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಸನ್ಯಾಸಿಗಳು ಎಂದರೆ ನಿಮಗೆ ನಗು ಬರಬಹುದು. ಪೂರ್ತಿ ಕೇಳಿ, ಆಮೇಲೆ ನಗಿ.

ಮದುವೆಯಾದ ಮರುವರ್ಷ, 1974ರ ಮೊದಲಲ್ಲಿ, ನಾನು ಇಂಗ್ಲೆಂಡಿಗೆ ಹೋದೆ. ನಮ್ಮವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಉತ್ತರದ ಒಂದು ಸಣ್ಣ ಊರು. ಮಧ್ಯಾಹ್ನ ಮೂರೂವರೆಗೇ ಕತ್ತಲೆ ಕವಿಯುವ ಚಳಿಗಾಲ. ಮಾತಾಡಲು ಯಾರೂ ಇಲ್ಲ. ಅಡುಗೆ ಎಷ್ಟು ಹೊತ್ತು ಮಾಡುತ್ತೀರಿ? ಇಬ್ಬರಿಗೆ ಅರ್ಧ ಪಾವು ಅಕ್ಕಿ ಇಟ್ಟರೆ ಮಿಗುತ್ತದೆ. ಆ ಊರಿನ ಲೈಬ್ರರಿಯ ಮಾಳಿಗೆಯಲ್ಲಿ ಗುರುವಾರ ಸಂಜೆ ಹಳೆಯ ಲ್ಯಾಟಿನ್ ದಾಖಲೆಗಳನ್ನು ಓದಲು ಕಲಿಸುತ್ತಾರೆ ಎಂದು ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದ್ದರು. ನಾನು ಬಿ.ಎ.ಯಲ್ಲಿ ಚರಿತ್ರೆ ಓದಿದವಳು, ಜೊತೆಗೆ ಸಂಸ್ಕೃತ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಆರು ತಿಂಗಳ ಬಸುರಿ, ಉದ್ದನೆಯ ಕೋಟು ತೊಟ್ಟು ಹೋಗಿ ಕೂತೆ.

ಕ್ಲಾಸಿನಲ್ಲಿ ಒಟ್ಟು ಒಂಬತ್ತು ಜನ. ಎಂಟು ಜನ ಅಲ್ಲಿನವರೇ, ನಿವೃತ್ತರಾದವರು. ಪಾಠ ಹೇಳುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಟೀಚರಮ್ಮ. ನನಗೆ ವಿಭಕ್ತಿಗಳು ಬೇಗ ಹಿಡಿತಕ್ಕೆ ಬಂದವು. ಚಿಕ್ಕಂದಿನಲ್ಲಿ ರಾಮಃ ರಾಮೌ ರಾಮಾಃ ಎಂದು ಉರು ಹೊಡೆದವರಿಗೆ ಲ್ಯಾಟಿನ್ ಅಷ್ಟೇನೂ ಪರಕೀಯವಲ್ಲ. ಎಡವಿದ್ದು ಎಲ್ಲಿ ಎಂದರೆ ತಾರೀಖಿನಲ್ಲಿ.

ಮಧ್ಯಯುಗದ ಸನ್ಯಾಸಿಗಳು ತಮ್ಮ ಮಠಗಳಲ್ಲಿ ಚರಿತ್ರೆ ಬರೆದಿಟ್ಟರಲ್ಲ, ಅವರು ನಮ್ಮ ಹಾಗೆ 'ಮಾರ್ಚ್ 12' ಎಂದು ಬರೆಯುವುದು ಅಪರೂಪ. ಇಂಥ ಸಂತನ ಹಬ್ಬದ ದಿನ, ಇಂಥ ಹಬ್ಬದ ಮಾರನೆಯ ದಿನ, ಇಂಥ ಹಬ್ಬದ ಹಿಂದಿನ ದಿನ — ಹೀಗೆ. 'ಇನ್ ಕ್ರಾಸ್ಟಿನೊ' ಎಂದರೆ ಮಾರನೆಯ ದಿನ. 'ಇನ್ ವಿಜಿಲಿಯಾ' ಎಂದರೆ ಹಿಂದಿನ ದಿನ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಹೇಸ್ಟಿಂಗ್ಸ್ ಯುದ್ಧ ನಾವು ಪುಸ್ತಕದಲ್ಲಿ ಓದುವುದು ಅಕ್ಟೋಬರ್ 14 ಎಂದು. ಆ ಕಾಲದವರಿಗೆ ಅದು ಸಂತ ಕಲಿಕ್ಸ್ಟಸ್‌ನ ದಿನ. ಮೊದಲ ದಿನ ಟೀಚರಮ್ಮ ಇದನ್ನು ಹೇಳಿದಾಗ ಉಳಿದ ಎಂಟು ಜನ "ಅಬ್ಬಾ, ಎಷ್ಟು ವಿಚಿತ್ರ" ಎಂದರು. ನನಗೆ ಮಾತ್ರ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಮ್ಮನ ಮಾತು ಕೇಳಿದ ಹಾಗಾಯಿತು.

ಹಾಗೆಂದು ಬೀಗಿದ್ದೇ ತಪ್ಪಾಯಿತು. ಮರುವಾರ ಒಂದು ಲೆಕ್ಕ ಕೊಟ್ಟರು: 1215ನೇ ಇಸವಿ, 'ಲೆಟಾರೆ' ಕಳೆದ ಮೇಲಿನ 'ಫೆರಿಯಾ ಕ್ವಾರ್ಟಾ'. ಯಾವ ತಾರೀಖು?

ಮೊದಲು ಈ 'ಲೆಟಾರೆ' ಏನು ಎಂದು ತಿಳಿಯಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲದಲ್ಲಿ ಬರುವ ನಾಲ್ಕನೆಯ ಭಾನುವಾರ ಅದು. ಆ ದಿನದ ಪೂಜೆಯ ಆರಂಭದಲ್ಲಿ ಹಾಡುವ ಹಾಡಿನ ಮೊದಲ ಪದವೇ ಭಾನುವಾರದ ಹೆಸರಾಗಿಬಿಟ್ಟಿದೆ. 'ಸಂತೋಷಪಡು' ಎಂದು ಅದರ ಅರ್ಥ. ನಾವು ದೇವರನಾಮವನ್ನು ಪಲ್ಲವಿಯ ಮೊದಲ ಮಾತಿನಿಂದ ಗುರುತಿಸುವುದಿಲ್ಲವೆ, ಹಾಗೆ. ಈಸ್ಟರ್ ಆದ ಮರು ಭಾನುವಾರಕ್ಕೆ 'ಕ್ವಾಸಿಮೋದೊ' ಎಂದು ಹೆಸರು. ವಿಕ್ಟರ್ ಹ್ಯೂಗೋನ ಕಾದಂಬರಿಯಲ್ಲಿ ಚರ್ಚಿನ ಗಂಟೆ ಬಾರಿಸುವ ಗೂನುಬೆನ್ನಿನವನ ಹೆಸರು ಅದೇ. ಅವನು ಅನಾಥ ಮಗುವಾಗಿ ಸಿಕ್ಕಿದ್ದು ಆ ಭಾನುವಾರ. ಇನ್ನು 'ಫೆರಿಯಾ ಕ್ವಾರ್ಟಾ' ಎಂದರೆ ನಾಲ್ಕನೆಯ ದಿನ. ನಾನು ಸೋಮವಾರದಿಂದ ಬೆರಳು ಮಡಚಿ ಗುರುವಾರ ಎಂದೆ. ಟೀಚರಮ್ಮ ನಕ್ಕು, "ಭಾನುವಾರವನ್ನು ಯಾರು ಎಣಿಸಬೇಕು?" ಎಂದರು. ಅವರ ಎಣಿಕೆಯಲ್ಲಿ ಭಾನುವಾರವೇ ಒಂದು, ಸೋಮವಾರ ಎರಡು. ನಾಲ್ಕನೆಯದು ಬುಧವಾರ.

ಸನ್ಯಾಸಿಗಳದ್ದು ಎಲ್ಲವೂ ಇದೇ ಬಗೆ, ಮೊದಲ ದಿನವನ್ನೂ ಸೇರಿಸಿ ಎಣಿಸುವುದು. ಹಬ್ಬದ 'ಅಷ್ಟಮ' ದಿನ ಎಂದರೆ ಒಂದು ವಾರ ಕಳೆದು ಬರುವ ಅದೇ ವಾರ. "ಇವತ್ತಿಗೆ ಎಂಟು ದಿನಕ್ಕೆ ಬನ್ನಿ" ಎಂದು ನಾವು ಟೈಲರಿಗೆ ಹೇಳುವುದೂ ಅದೇ ತಾನೆ? ಹದಿನೈದು ದಿನ ಎಂದರೆ ಎರಡು ವಾರ ತಾನೆ? ಆದರೂ ಕ್ಲಾಸಿನಲ್ಲಿ ಕೂತಾಗ ನನಗೆ ಹೊಳೆಯಲಿಲ್ಲ.

1215ರಲ್ಲಿ ಈಸ್ಟರ್ ಬಿದ್ದದ್ದು ಏಪ್ರಿಲ್ 19ಕ್ಕೆ. ಅದಕ್ಕೆ ಮೂರು ವಾರ ಮುಂಚೆ, ಮಾರ್ಚ್ 29, ಲೆಟಾರೆ ಭಾನುವಾರ. ಅದರ ಮೇಲಿನ ಬುಧವಾರ ಏಪ್ರಿಲ್ 1. ಈ ಒಂದು ಉತ್ತರಕ್ಕೆ ನಾನು ಇಡೀ ಒಂದು ಸಂಜೆ ಖರ್ಚು ಮಾಡಿದೆ. ಟೀಚರಮ್ಮನ ಹತ್ತಿರ ಚೆನಿ ಎಂಬ ವಿದ್ವಾಂಸರು 1945ರಲ್ಲಿ ಹೊರತಂದ ಒಂದು ತಾರೀಖಿನ ಕೈಪಿಡಿ ಇತ್ತು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ದಿನ ಬೇಕಾದರೂ ಬರಬಹುದು, ಒಟ್ಟು 35 ದಿನ. ಆ ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಇಡೀ ವರ್ಷದ ಕ್ಯಾಲೆಂಡರು. ನಮ್ಮ ಜೋಯಿಸರ ಕೈಯಲ್ಲಿನ ಪಂಚಾಂಗದ ಹಾಗೆ ಅದರ ಹಾಳೆಗಳೂ ಮೂಲೆ ಮಡಚಿ ಹೋಗಿದ್ದವು.

ವಾರ ವಾರವೂ ಒಂದೊಂದು ಗಂಟು ಬಿಚ್ಚಿಕೊಳ್ಳುತ್ತ ಹೋಯಿತು. 'ಸಂತ ಥಾಮಸನ ಹಬ್ಬ' ಎಂದಷ್ಟೇ ಬರೆದಿದ್ದರೆ ಯಾವ ಥಾಮಸ್? ಯೇಸುವಿನ ಶಿಷ್ಯ ಥಾಮಸನದು ಡಿಸೆಂಬರ್ 21. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ರಾಜನ ಕಡೆಯವರು ಚರ್ಚಿನೊಳಗೇ ಕೊಂದರಲ್ಲ, ಅದರ ನೆನಪಿನ ದಿನ ಡಿಸೆಂಬರ್ 29. 1220ರಲ್ಲಿ ಅವನ ಅವಶೇಷವನ್ನು ತೆಗೆದು ಹೊಸ ಸಮಾಧಿಯಲ್ಲಿ ಇಟ್ಟರು. ಆ ದಿನ ಜುಲೈ 7, ಅದೂ ಹಬ್ಬ. ಬರೆದವನ ಮಠ ಯಾವುದು, ಅಲ್ಲಿ ಯಾವ ಹಬ್ಬ ದೊಡ್ಡದು, ಹಿಂದಿನ ಸಾಲಿನಲ್ಲಿ ಸುಗ್ಗಿಯ ಮಾತಿದೆಯೋ ಹಿಮದ ಮಾತಿದೆಯೋ ಎಂದೆಲ್ಲ ನೋಡಿ ತೀರ್ಮಾನಿಸಬೇಕು.

ದಿನ ಯಾವಾಗ ಶುರು ಎನ್ನುವುದೂ ಒಂದೇ ಸಮನಲ್ಲ. ನಮಗೆ ಸೂರ್ಯೋದಯದಿಂದ ದಿನ. ಅವರ ಚರ್ಚಿನಲ್ಲಿ ಹಬ್ಬ ಹಿಂದಿನ ಸಂಜೆಯ ಪ್ರಾರ್ಥನೆಯಿಂದಲೇ ಹುಟ್ಟುತ್ತದೆ. ಬೀಡ್ ಎಂಬ ಮಹಾಪಂಡಿತ ಸನ್ಯಾಸಿ 735ರ ಮೇ 25ರ ಬುಧವಾರ ಸಂಜೆಯ ಮೇಲೆ ತೀರಿಕೊಂಡ. ಮಠದವರ ಲೆಕ್ಕಕ್ಕೆ ಆಗಲೇ ಮರುದಿನದ ಸ್ವರ್ಗಾರೋಹಣದ ಹಬ್ಬ ಬಂದಾಗಿತ್ತು.

ರಾಜರ ವರ್ಷಗಳೂ ಹಾಗೆಯೇ. ಇಂಗ್ಲೆಂಡಿನ ಜಾನ್ ದೊರೆಗೆ ಪಟ್ಟಾಭಿಷೇಕವಾದದ್ದು 1199ರ ಮೇ 27, ಅದೇ ಸ್ವರ್ಗಾರೋಹಣದ ಹಬ್ಬದಂದು. ಅದು ಈಸ್ಟರಿನ ಜೊತೆ ಓಡಾಡುವ ಹಬ್ಬ. ಅವನ ಆಳ್ವಿಕೆಯ ವರ್ಷಗಳನ್ನು ಹಬ್ಬದಿಂದ ಹಬ್ಬಕ್ಕೆ ಎಣಿಸಿದರು. ಆದ್ದರಿಂದ ಅವನ ಮೊದಲ ವರ್ಷ 1200ರ ಮೇ 17ಕ್ಕೇ ಮುಗಿದುಹೋಯಿತು. ಒಂದು ವರ್ಷ ಚಿಕ್ಕದು, ಇನ್ನೊಂದು ದೊಡ್ಡದು. ಪ್ರಾವಿಡೆಂಟ್ ಫಂಡಿನ ಗುಮಾಸ್ತರಿಗೆ ಇಂಥ ಲೆಕ್ಕ ಕೊಟ್ಟರೆ ಏನು ಮಾಡುತ್ತಿದ್ದರೋ!

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವರ್ಷದ ಆರಂಭ. ಬೆಕೆಟ್‌ನ ಕೊಲೆಯಾದದ್ದು 1170ರ ಡಿಸೆಂಬರ್ 29. ಆದರೆ ಕೆಲವು ಚರಿತ್ರೆಗಳಲ್ಲಿ 1171 ಎಂದಿದೆ. ಕ್ಲಾಸಿನಲ್ಲಿದ್ದ ಒಬ್ಬ ನಿವೃತ್ತ ಬ್ಯಾಂಕಿನವರು, "ಬರೆದವನು ಅಜಾಗರೂಕ, ಇಲ್ಲವೇ ಸುಳ್ಳುಗಾರ" ಎಂದುಬಿಟ್ಟರು. ಟೀಚರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲವರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಕ್ರಿಸ್ಮಸ್ ದಿನ, ಕೆಲವರಿಗೆ ಮಾರ್ಚ್ 25ರಂದು. ಕೊಲೆಯಾದದ್ದು ಕ್ರಿಸ್ಮಸ್ ಆದ ನಾಲ್ಕನೆಯ ದಿನ. ಮೊದಲನೆಯವರಿಗೆ ಆಗಲೇ 1171 ಬಂದಿತ್ತು, ಎರಡನೆಯವರಿಗೆ ಇನ್ನೂ 1170. ಅದೇ ಕ್ಯಾಂಟರ್ಬರಿಯ ಜರ್ವೇಸ್ ಎಂಬ ಸನ್ಯಾಸಿ ಈ ಗೊಂದಲದ ಬಗ್ಗೆ ತನ್ನ ಚರಿತ್ರೆಯಲ್ಲೇ ಚರ್ಚೆ ಮಾಡಿದ್ದಾನೆ. ಇಬ್ಬರೂ ಬರೆದದ್ದು ನಿಜವೇ.

"ಬರೆದವನನ್ನು ಸುಳ್ಳುಗಾರ ಎನ್ನುವ ಮೊದಲು, ಅವನ ಕ್ಯಾಲೆಂಡರು ಯಾವುದು ಎಂದು ಕೇಳಿ" ಎಂದರು ಟೀಚರಮ್ಮ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಅಡಿಗೆರೆಯನ್ನೂ ಹಾಕಿದೆ. ಬರೆದುಕೊಂಡ ಮಾತು ತಲೆಗೆ ಹೋಗಲೇಬೇಕೆಂದು ಎಲ್ಲಿದೆ?

ಆಗಲೇ, ಅಕ್ಟೋಬರಿನ ಮೊದಲ ವಾರದಲ್ಲಿ, ಅಮ್ಮನ ನೀಲಿ ಏರೋಗ್ರಾಮ್ ಬಂತು. ಅಜ್ಜಿ ಹೋಗಿಬಿಟ್ಟಿದ್ದಳು. "ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ವರ್ಷ ನಮಗೆ ಹಬ್ಬವಿಲ್ಲ, ನಿನ್ನ ಗೌರಿ ಬಾಗಿನದ ದುಡ್ಡು ಆಮೇಲೆ ಕಳಿಸುತ್ತೇನೆ" ಎಂದಿತ್ತು. ತಾರೀಖಿಲ್ಲ. ಅಂಚೆಯ ಮೊಹರು ಮಸಿಯಲ್ಲಿ ಕಲಸಿಹೋಗಿತ್ತು.

ನನ್ನನ್ನು ಸಾಕಿದವಳು ಅಜ್ಜಿ. ಅತ್ತು ಸಾಕಾದ ಮೇಲೆ ಲೆಕ್ಕ ಹಾಕಲು ಕೂತೆ. ಮನೆಯಲ್ಲಿ ಪಂಚಾಂಗವಿಲ್ಲ. ಆ ವರ್ಷ ಗೌರಿ ಹಬ್ಬ ಎಂದು ಬಂತೆಂದೇ ನನಗೆ ತಿಳಿದಿರಲಿಲ್ಲ. ಹಿಂದಿನ ವರ್ಷ ಊರಿನಲ್ಲಿದ್ದಾಗ ಹಬ್ಬ ಆಗಸ್ಟ್ ಕೊನೆಯಲ್ಲಿ ಬಂದದ್ದು ನೆನಪಿತ್ತು. ವರ್ಷಕ್ಕೆ ಹನ್ನೊಂದು ದಿನ ಮುಂಚೆ ಬರುತ್ತದೆ ಎಂಬುದೂ ಗೊತ್ತಿತ್ತು. ಹಾಗಾದರೆ ಈ ಸಲ ಆಗಸ್ಟ್ ಮೂರನೆಯ ವಾರ. ಅಂದರೆ ಅಜ್ಜಿ ಹೋಗಿ ಒಂದೂವರೆ ತಿಂಗಳ ಮೇಲೆ ನನಗೆ ತಿಳಿಸಿದ್ದಾರೆ! ಅಷ್ಟೇ ಅಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬಂದಿದ್ದ ಅಮ್ಮನ ಇನ್ನೊಂದು ಕಾಗದದಲ್ಲಿ ಅಜ್ಜಿ ಅದು ಮಾಡುತ್ತಾರಂತೆ, ಇದು ಮಾಡುತ್ತಾರಂತೆ ಎಂದಿತ್ತಲ್ಲ? ಸತ್ತವಳನ್ನು ಬದುಕಿದ್ದಾಳೆ ಎಂದು ಬರೆದರಲ್ಲ! ಬಸುರಿಗೆ ಹೇಳಬಾರದೆಂದು ಎಲ್ಲರೂ ಸೇರಿ ನಾಟಕವಾಡಿದ್ದಾರೆ. ಕೋಪ ನೆತ್ತಿಗೇರಿತು. ನಮ್ಮವರು, "ಒಂದು ಸಲ ಕೇಳಿ ನೋಡು" ಎಂದರು. ಕೇಳಲಿಲ್ಲ. ಕಾಗದ ಬರೆಯುವುದನ್ನೇ ಬಿಟ್ಟೆ. ಡಿಸೆಂಬರಿನಲ್ಲಿ ಮಗಳು ಹುಟ್ಟಿದಾಗಲೂ ನಮ್ಮವರ ಕೈಲೇ ನಾಲ್ಕು ಸಾಲು ಬರೆಸಿದೆ. ಅಮ್ಮನಿಂದ ಮೂರು ಕಾಗದ ಬಂದವು. ಒಂದಕ್ಕೂ ನಾನು ಉತ್ತರಿಸಲಿಲ್ಲ. ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಮಗುವಿಗೆ ಎರಡೂವರೆ ತಿಂಗಳಾದಾಗ ಮತ್ತೆ ಕ್ಲಾಸಿಗೆ ಹೋಗತೊಡಗಿದೆ. ಗುರುವಾರ ನಮ್ಮವರು ಮನೆಯಲ್ಲಿರುತ್ತಿದ್ದರು. ಅದು 1975ರ ಮಾರ್ಚ್ ತಿಂಗಳು, ಉಪವಾಸ ಕಾಲ. ಬರುವ ಭಾನುವಾರ ಮಾರ್ಚ್ 9, ಲೆಟಾರೆ. ಇಂಗ್ಲೆಂಡಿನಲ್ಲಿ ಅದಕ್ಕೆ ತಾಯಂದಿರ ಭಾನುವಾರ ಎಂದು ಹೆಸರು. ಹಿಂದೆ ಬೇರೆ ಮನೆಗಳಲ್ಲಿ ಚಾಕರಿಗಿದ್ದ ಹುಡುಗಿಯರಿಗೆ ಆ ದಿನ ರಜೆ ಕೊಟ್ಟು ತಾಯಿಯ ಮನೆಗೆ ಕಳಿಸುತ್ತಿದ್ದರಂತೆ. ಹುಡುಗಿಯರು ದಾರಿಯಲ್ಲಿ ಹೂ ಕೊಯ್ದುಕೊಂಡು ಹೋಗುತ್ತಿದ್ದರಂತೆ. ಇದನ್ನು ಕೇಳುವಾಗ ನಾನು ತಲೆ ಎತ್ತಲಿಲ್ಲ.

ಆಮೇಲೆ ಟೀಚರಮ್ಮ ಈಸ್ಟರನ್ನು ಗೊತ್ತುಮಾಡುವ ಬಗೆ ಹೇಳಿದರು. ಮಾರ್ಚ್ 21ರಂದು ಅಥವಾ ಅದರ ಮೇಲೆ ಬರುವ ಹುಣ್ಣಿಮೆ, ಆ ಹುಣ್ಣಿಮೆಯ ಮೇಲಿನ ಭಾನುವಾರ. ಹುಣ್ಣಿಮೆ ಎಂದು ಬರುತ್ತದೆ ಎಂದು ವರ್ಷಗಟ್ಟಲೆ ಮುಂಚೆ ತಿಳಿಯಲು ಸನ್ಯಾಸಿಗಳು ಪಟ್ಟಿ ಮಾಡಿಟ್ಟುಕೊಳ್ಳುತ್ತಿದ್ದರು. ಆ ಈಸ್ಟರ್ ಪಟ್ಟಿಯ ಅಂಚಿನಲ್ಲಿ ಜಾಗ ಉಳಿಯುತ್ತಿತ್ತು. ಅಲ್ಲಿ ಒಬ್ಬ, ಈ ವರ್ಷ ಚಳಿ ಜಾಸ್ತಿ ಎಂದು ಬರೆದ; ಇನ್ನೊಬ್ಬ, ಮಠಾಧಿಪತಿ ತೀರಿಕೊಂಡರು ಎಂದು ಬರೆದ. ಎಷ್ಟೋ ಮಠಗಳ ಚರಿತ್ರೆ ಹುಟ್ಟಿದ್ದೇ ಹೀಗೆ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ನಾವು ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗೀಚುವುದಿಲ್ಲವೆ? ಅದೇ.

"ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ" ಎಂದರು ಟೀಚರಮ್ಮ. "ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಹಬ್ಬ ಹಿಂದೆ ಹಿಂದೆ ಸರಿದು ಚಳಿಗಾಲಕ್ಕೆ ಹೋಗಿಬಿಡುತ್ತದೆ. ಅದಕ್ಕೆ ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಹದಿಮೂರನೆಯ ತಿಂಗಳು ಸೇರಿಸುತ್ತಿದ್ದರು. ಒಟ್ಟು 235 ತಿಂಗಳು. ಆ ಹೆಚ್ಚಿನ ತಿಂಗಳಿಗೆ ಎಂಬೊಲಿಸ್ಮಸ್ ಎಂದು ಹೆಸರು."

ಹದಿಮೂರನೆಯ ತಿಂಗಳು. ನನ್ನ ಪೆನ್ನು ನಿಂತಿತು. ಅಧಿಕ ಮಾಸ!

ಮನೆಗೆ ಓಡಿಬಂದು, ಕೋಟು ಕೂಡ ಬಿಚ್ಚದೆ, ಡ್ರಾಯರಿನಿಂದ ಸೆಪ್ಟೆಂಬರಿನ ಕಾಗದ ತೆಗೆದೆ. ಬಂದಾಗ ಅವಸರದಲ್ಲಿ ಒಂದು ಸಲ ಓದಿದ್ದು; ಆಮೇಲೆ ಕೋಪದಲ್ಲಿ ನೆನಪಿಸಿಕೊಂಡದ್ದೇ ಹೊರತು ಮತ್ತೆ ಓದಿರಲಿಲ್ಲ. ಮೊದಲ ಸಾಲೇ ಹೀಗಿತ್ತು: "ಅಧಿಕ ಮಾಸ ಬಂತು. ಅಜ್ಜಿ ನಿನಗೂ ಅಳಿಯಂದಿರಿಗೂ ಮೂವತ್ಮೂರು ಕಜ್ಜಾಯದ ದಾನ ಕೊಡಲೇಬೇಕೆಂದು ಹಠ ಹಿಡಿದಿದ್ದಾರೆ. ಅಷ್ಟು ದೂರಕ್ಕೆ ಕಳಿಸುವುದು ಹೇಗೆ ಎಂದರೆ ಕೇಳುವುದಿಲ್ಲ. ನಿಮ್ಮ ಹೆಸರು ಹೇಳಿ ದೇವಸ್ಥಾನದಲ್ಲಿ ಕೊಡುತ್ತಾರಂತೆ. ತಾವೇ ಕೂತು ಎಣಿಸಿದರು."

ಆ ವರ್ಷ ಅಧಿಕ ಭಾದ್ರಪದ. ಅದು ಕಳೆದು ನಿಜ ಭಾದ್ರಪದ ಬಂದ ಮೇಲೆ ಗೌರಿ ಹಬ್ಬ. ಹಬ್ಬ ಹನ್ನೊಂದು ದಿನ ಮುಂಚೆ ಬರುವುದಿರಲಿ, ಹತ್ತೊಂಬತ್ತು ದಿನ ತಡವಾಗಿ ಬಂದಿತ್ತು. ನಮ್ಮವರ ಹಳೆಯ ಡೈರಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಗುರುತು ಅಚ್ಚಾಗಿತ್ತು. 1974ರ ಸೆಪ್ಟೆಂಬರ್ 16, ಅಮಾವಾಸ್ಯೆ. ಅಲ್ಲಿಂದ ತದಿಗೆ ಎಣಿಸಿದರೆ 18, ಬುಧವಾರ. ಹಿಂದಿನ ದಿನ 17, ಮಂಗಳವಾರ. ಆ ಪುಟದಲ್ಲಿ ನಮ್ಮವರು "ಪರದೆ ಬಟ್ಟೆ — 4 ಪೌಂಡ್" ಎಂದು ಬರೆದಿದ್ದರು. ಅಜ್ಜಿ ಹೋದ ದಿನ ನಾವಿಬ್ಬರೂ ಪೇಟೆಯಲ್ಲಿ ಪರದೆಯ ಬಣ್ಣ ಆರಿಸುತ್ತಿದ್ದೆವು.

ಅಮ್ಮ ಸುಳ್ಳು ಹೇಳಿರಲಿಲ್ಲ. ತಡವನ್ನೂ ಮಾಡಿರಲಿಲ್ಲ. ಸೂತಕದ ಮನೆಯಲ್ಲಿ ಕೂತು, ಮೂರು ನಾಲ್ಕು ದಿನದೊಳಗೇ ಬರೆದು ಹಾಕಿದ್ದಳು. ನನ್ನ ಲೆಕ್ಕದಲ್ಲಿ ಅಜ್ಜಿ ಸತ್ತು ಎರಡು ವಾರವಾಗಿದ್ದ ಹೊತ್ತಿನಲ್ಲಿ, ಅವಳು ನಡುಮನೆಯಲ್ಲಿ ಕಾಲು ಚಾಚಿ ಕೂತು, ನನ್ನ ಹೆಸರಿನ ಕಜ್ಜಾಯಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಅದಕ್ಕಾಗಿ ಆ ರಾತ್ರಿ ಮತ್ತೆ ಅತ್ತೆ. ಈ ಸಲದ ಅಳುವೇ ಬೇರೆ.

ಭಾನುವಾರ ಕೂತು ಅಮ್ಮನಿಗೆ ನಾಲ್ಕು ಪುಟ ಬರೆದೆ. ಕೋಪ ಮಾಡಿಕೊಂಡದ್ದನ್ನೂ ಬರೆದೆ. ಉತ್ತರ ಬಂತು. ಮಗುವಿಗೆ ಎಣ್ಣೆ ನೀರು ಹಾಕುವುದು ಹೇಗೆ ಎಂದು ಮುಕ್ಕಾಲು ಪಾಲು. ಕೊನೆಯಲ್ಲಿ ಒಂದೇ ಸಾಲು: "ಗೌರಿ ಹಬ್ಬ ಎಂದು ಎನ್ನುವುದು ಊರಿಗೆಲ್ಲ ಗೊತ್ತು, ನಿನಗೂ ಗೊತ್ತಿರುತ್ತದೆ ಎಂದುಕೊಂಡೆ."

ನೋಡಿ, ಆ ಸನ್ಯಾಸಿಗಳೂ ಹೇಳುವುದು ಇಷ್ಟೇ. ಅವರು ನಮಗೆ ಒಗಟು ಹಾಕಬೇಕೆಂದು ಬರೆದವರಲ್ಲ. ಲೆಟಾರೆ ಎಂದರೆ ಯಾವ ದಿನ ಎಂದು ಅವರ ಊರಿಗೆಲ್ಲ ಗೊತ್ತಿತ್ತು. ಊರು ಬಿಟ್ಟು ದೂರ ಬಂದವರು ನಾವು.

ನಾಲ್ಕಾರು ವರ್ಷಗಳ ಮೇಲೆ ನಾವು ಊರಿಗೆ ವಾಪಸಾದೆವು. ಅಮ್ಮ ಈಗಿಲ್ಲ. ಈಗ ಮೊಬೈಲಿನಲ್ಲಿ ಒತ್ತಿದರೆ ಯಾವ ಶತಮಾನದ ಈಸ್ಟರೂ, ಯಾವ ವರ್ಷದ ಗೌರಿ ಹಬ್ಬವೂ ಕ್ಷಣದಲ್ಲಿ ಬರುತ್ತದೆ. ಆದರೆ ಥಾಮಸ್ ಎಂದರೆ ಯಾವ ಥಾಮಸ್, ಬರೆದವನ ವರ್ಷ ಎಲ್ಲಿಂದ ಶುರು ಎಂದು ಮೊದಲು ಕೇಳಬೇಕಾದವರು ನಾವೇ.

2023ರಲ್ಲಿ ಅಧಿಕ ಶ್ರಾವಣ ಬಂದಾಗ, ಐವತ್ತರ ಹತ್ತಿರಕ್ಕೆ ಬಂದ ನನ್ನ ಮಗಳಿಗೂ ಅಳಿಯನಿಗೂ ಮೂವತ್ಮೂರು ಕಜ್ಜಾಯ ಮಾಡಿ ಡಬ್ಬಿಗೆ ತುಂಬಿ ಕೊಟ್ಟೆ. "ಇಷ್ಟೊಂದು ಯಾರು ತಿನ್ನುತ್ತಾರಮ್ಮ" ಎಂದಳು. ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೆ. ಅದರಲ್ಲಿ ತಿಥಿಯನ್ನೂ ಬರೆದಿದ್ದೆ, ತಾರೀಖನ್ನೂ ಬರೆದಿದ್ದೆ.